ಹೆಸರು ಹಿಡಿದು ಸೇರಿಸಿ

ಫೈಲುಗಳ ಬದಲಾವಣೆಯ ಇತಿಹಾಸ ಕಾಪಿಡುವ ಗಿಟ್ ಕಲಿಯುವವರ ಬೆರಳಿಗೆ ಮೊದಲು ಅಂಟುವ ಚಟ ಒಂದಿದೆ: 'ಗಿಟ್ ಆಡ್', ಒಂದು ಸ್ಪೇಸು, ಒಂದು ಚುಕ್ಕಿ. ಫೋಲ್ಡರಿನಲ್ಲಿ ಬಿದ್ದಿರುವುದೆಲ್ಲ ಒಂದೇ ಏಟಿಗೆ ಒಳಗೆ. ಆ ಚುಕ್ಕಿ ನನಗೆ ಸೇರದು. ಹೊಸ ಫೈಲನ್ನು ಹೆಸರು ಹಿಡಿದೇ ಒಳಕ್ಕೆ ಕರೆಯಬೇಕು.

ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಕರ್ನಲ್ ಕೆಲಸಕ್ಕೆಂದು ಗಿಟ್ ಬರೆಯಲು ಕೂತಾಗಲೇ ಫೋಲ್ಡರಿಗೂ ಇತಿಹಾಸಕ್ಕೂ ನಡುವೆ ಒಂದು ಪಡಸಾಲೆ ಇಟ್ಟರು. ಅದೇ ಇಂಡೆಕ್ಸ್. ಆಡ್ ಎಂದೊಡನೆ ಫೈಲಿನ ಆ ಹೊತ್ತಿನ ಪ್ರತಿಯೊಂದು ರೆಪಾಸಿಟರಿಯ ಉಗ್ರಾಣಕ್ಕೆ ಹೋಗಿ, ಅದರ ಗುರುತು ಇಂಡೆಕ್ಸಿನಲ್ಲಿ ದಾಖಲಾಗುತ್ತದೆ. ಆಮೇಲೆ ಒಂದೇ ಒಂದು ಸಾಲು ತಿದ್ದಿ 'ಗಿಟ್ ಸ್ಟೇಟಸ್' ಕೊಟ್ಟು ನೋಡಿ: ಅದೇ ಹೆಸರು ಹಸಿರಿನಲ್ಲೂ ಇದೆ, ಕೆಂಪಿನಲ್ಲೂ ಇದೆ. ಮತ್ತೆ ಆಡ್ ಮಾಡದಿದ್ದರೆ ಕಮಿಟ್‌ಗೆ, ಅಂದರೆ ಇತಿಹಾಸಕ್ಕೆ, ಹೋಗುವುದು ಹಳೆಯ ಪ್ರತಿಯೇ.

ಸೂರತ್‌ನ ಈ ಅಡಾಜಣ್‌ನಲ್ಲಿ ಕೂತು ನಾನು ಗಿಟ್‌ಗೆ ಸೇರಿಸುವುದು ಬಹುಪಾಲು ಕನ್ನಡ ಬರಹಗಳನ್ನೇ. ಫೈಲಿನ ಹೆಸರೂ ಕನ್ನಡದಲ್ಲೇ. ಆಡ್ ತಕರಾರಿಲ್ಲದೆ ಒಪ್ಪುತ್ತದೆ. ಸ್ಟೇಟಸ್ ಮಾತ್ರ 'ಕ' ಇರಬೇಕಾದಲ್ಲಿ 340, 262, 225 ಎಂದು ಸಂಖ್ಯೆ ಸುರಿಯುತ್ತದೆ. ಅವು ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ 'ಕ' ಹಿಡಿಯುವ ಮೂರು ಬೈಟುಗಳು, ಎಂಟರ ಲೆಕ್ಕದಲ್ಲಿ. ಗಿಟ್ ಕಾನ್ಫಿಗ್‌ನಲ್ಲಿ 'ಕೋರ್ ಡಾಟ್ ಕೋಟ್‌ಪಾತ್' ಎಂಬುದನ್ನು ಫಾಲ್ಸ್ ಮಾಡಿದರೆ ಹೆಸರು ಕನ್ನಡದಲ್ಲೇ ಕಾಣುತ್ತದೆ. ಕನ್ನಡದಲ್ಲಿ ಹೆಸರಿಡುವ ಪ್ರತಿಯೊಬ್ಬರೂ ಮೊದಲ ದಿನವೇ ಮಾಡಿಕೊಳ್ಳಬೇಕಾದ ಕೆಲಸವಿದು. ಓದಲಾಗದ ಹೆಸರನ್ನು ಆರಿಸಿ ಸೇರಿಸುವುದಾದರೂ ಹೇಗೆ?

ಇನ್ನೊಂದು ಸೊಗಸು, ಬಹಳ ಜನ ಬಳಸದ್ದು. ಹೊಸ ಫೈಲಿನ ಒಳಗೇನಿದೆ ಎಂದು 'ಗಿಟ್ ಡಿಫ್' ತಾನಾಗಿ ತೋರಿಸುವುದಿಲ್ಲ, ಅದರ ಪಾಲಿಗೆ ಆ ಫೈಲು ಇನ್ನೂ ಪರಕೀಯ. ಆಡ್ ಜೊತೆ ಹೈಫನ್, ದೊಡ್ಡ ಎನ್ ಕೊಟ್ಟರೆ ಹೆಸರು ಮಾತ್ರ ನೋಂದಣಿಯಾಗುತ್ತದೆ, ತಿರುಳು ಹೊರಗೇ ಉಳಿಯುತ್ತದೆ. ಈಗ ಡಿಫ್ ಪೂರ್ತಿ ಫೈಲನ್ನು ಹೊಸ ಸಾಲುಗಳಾಗಿ ಬಿಚ್ಚಿಡುತ್ತದೆ. ಸಾವಕಾಶವಾಗಿ ಓದಿ, ಒಪ್ಪಿಗೆಯಾದರೆ ನಿಜವಾದ ಆಡ್.

ಚುಕ್ಕಿಯೇ ಬೇಕೆನ್ನುವವರು ಮೊದಲು ಹೈಫನ್, ಸಣ್ಣ ಎನ್ ಹಾಕಲಿ. ಏನೇನು ಸೇರಲಿದೆ ಎಂಬ ಪಟ್ಟಿ ಬರುತ್ತದೆ, ಏನೂ ಸೇರುವುದಿಲ್ಲ. ಪಾಸ್‌ವರ್ಡ್ ಇರುವ ಫೈಲು ಆ ಪಟ್ಟಿಯಲ್ಲಿ ಕಂಡರೆ ಅದರ ಹೆಸರನ್ನು ಗಿಟ್ ಕಡೆಗಣಿಸಬೇಕಾದವುಗಳ ಪಟ್ಟಿಯಾದ ಗಿಟ್‌ಇಗ್ನೋರ್‌ಗೆ ಬರೆಯಿರಿ. ಆಗಲೇ ಇಂಡೆಕ್ಸಿಗೆ ಬಂದಿದ್ದರೆ 'ಗಿಟ್ ಆರ್‌ಎಂ'ಗೆ ಕ್ಯಾಶ್ಡ್ ಆಯ್ಕೆ ಕೊಟ್ಟು ಹೊರಗೆ ಹಾಕಿ, ಡಿಸ್ಕಿನಲ್ಲಿ ಅದು ಹಾಗೇ ಉಳಿಯುತ್ತದೆ. ಕಮಿಟ್ ಆಗಿ ಸರ್ವರ್‌ಗೂ ಹೋಗಿದ್ದರೆ ಫೈಲು ಅಳಿಸಿ ಫಲವಿಲ್ಲ, ಹಳೆಯ ಕಮಿಟ್‌ನಲ್ಲಿ ಅದು ಕೂತಿರುತ್ತದೆ. ಮೊದಲು ಪಾಸ್‌ವರ್ಡನ್ನೇ ಬದಲಿಸಿ.