ದಲ್ಲಾಳಿಯು ಕಥಾನಾಯಕನಾಗಬಲ್ಲನೆ?

ರಿಚರ್ಡ್ ಫೋರ್ಡ್ ಎಂಬ ಅಮೆರಿಕಾದ ಕಾದಂಬರೀಕಾರನು ಫ್ರಾಂಕ್ ಬ್ಯಾಸ್ಕೊಂಬ್ ಎಂಬ ಒಬ್ಬನೇ ನಾಯಕನನ್ನು ಆಶ್ರಯಿಸಿ 1986ರಿಂದ 2023ರ ವರೆಗೆ ಐದು ಗ್ರಂಥಗಳನ್ನು ರಚಿಸಿರುತ್ತಾನೆ. ಈ ನಾಯಕನು ರಾಜನಲ್ಲ, ಯೋಧನಲ್ಲ, ವಿರಾಗಿಯೂ ಅಲ್ಲ. ಮೊದಲನೆಯ ಗ್ರಂಥದಲ್ಲಿ ಅವನು ಆಟಗಾರರ ವಿಷಯವಾಗಿ ಪತ್ರಿಕೆಗೆ ಬರೆಯುವವನು. ಎರಡನೆಯದರಲ್ಲಿ ಮನೆಗಳನ್ನು ಕೊಡಿಸುವ ದಲ್ಲಾಳಿ. ಮೂರನೆಯದರಲ್ಲಿ ಅಟ್ಲಾಂಟಿಕ್ ಸಮುದ್ರದ ತಡಿಯಲ್ಲಿ ಸ್ವಂತ ಕಚೇರಿಯನ್ನು ತೆರೆದ ದಲ್ಲಾಳಿ. ದಲ್ಲಾಳಿಯೆಂಬ ಶಬ್ದವು ನಮ್ಮ ಕಿವಿಗೆ ಗೌರವವಾಗಿ ಕೇಳಿಸದು. ತನ್ನದಲ್ಲದ ವಸ್ತುವನ್ನು ತನ್ನದಲ್ಲದ ಹಣಕ್ಕೆ ಕೈಬದಲಾಯಿಸಿ, ನಡುವೆ ತನ್ನ ತರಗನ್ನು ಎಣಿಸಿಕೊಳ್ಳುವವನ ಚರಿತ್ರೆಯನ್ನು ಸಾವಿರಕ್ಕೂ ಮಿಕ್ಕ ಪುಟಗಳಲ್ಲಿ ಹೇಳಿದರೆ ಅದು ಸಾಹಿತ್ಯವೆನಿಸೀತೆ ಎಂದು ಆಕ್ಷೇಪಿಸುವವರುಂಟು. ಆಕ್ಷೇಪವು ವಿಚಾರಾರ್ಹವಾದುದೇ.

ಆದರೆ ನಮ್ಮ ಲಾಕ್ಷಣಿಕರು ಇಂತಹ ನಾಯಕನನ್ನು ಹೊರಗಿಟ್ಟವರಲ್ಲ. ದಶರೂಪಕವನ್ನು ಓದಿದವರಿಗೆ ಪ್ರಕರಣವೆಂಬ ರೂಪಕಭೇದದ ಲಕ್ಷಣವು ನೆನಪಿರಬಹುದು. ಅಲ್ಲಿ ಕಥೆಯು ಕವಿಕಲ್ಪಿತವಾಗಿರಬೇಕು, ಲೋಕದ ನಡೆಯನ್ನು ಅನುಸರಿಸಿರಬೇಕು. ನಾಯಕನು ಮಂತ್ರಿಯೋ ಬ್ರಾಹ್ಮಣನೋ ವರ್ತಕನೋ ಆಗಿ, ಧೀರಪ್ರಶಾಂತನಾಗಿ, ಅಪಾಯಗಳ ನಡುವೆ ಧರ್ಮಾರ್ಥಕಾಮಗಳಲ್ಲಿ ತೊಡಗಿದವನಾಗಿರಬೇಕು. ವರ್ತಕರ ಮನೆತನದ ಚಾರುದತ್ತನು ಐಶ್ವರ್ಯವನ್ನು ಕಳೆದುಕೊಂಡ ಮೇಲೆಯೇ ನಮ್ಮ ಮನಸ್ಸನ್ನು ಸೆರೆಹಿಡಿಯುವನಷ್ಟೆ? ಆದುದರಿಂದ ದಲ್ಲಾಳಿಯು ನಾಯಕನಾಗಬಹುದೇ ಎಂಬ ಪ್ರಶ್ನೆಗೆ ಆಗಬಹುದೆಂದೇ ಉತ್ತರ. ಉಳಿಯುವ ಪ್ರಶ್ನೆ, ಅವನ ವೃತ್ತಿಯಿಂದಲೇ ರಸವು ಹುಟ್ಟುತ್ತದೆಯೇ, ಅಥವಾ ವೃತ್ತಿಯು ಮೇಲೆ ಹೊದೆಸಿದ ಬಟ್ಟೆ ಮಾತ್ರವೇ ಎಂಬುದು.

ಮೊದಲನೆಯ ಗ್ರಂಥವಾದ 'ದಿ ಸ್ಪೋರ್ಟ್ಸ್‌ರೈಟರ್'ನಲ್ಲಿ ಫ್ರಾಂಕನಿಗೆ ಮೂವತ್ತೆಂಟು ವರ್ಷ. ಯೌವನದಲ್ಲಿ ಒಂದು ಕಥಾಸಂಗ್ರಹವನ್ನು ಪ್ರಕಟಿಸಿ, ಹಿಡಿದ ಕಾದಂಬರಿಯನ್ನು ಅರ್ಧಕ್ಕೆ ಬಿಟ್ಟು, ಆಟಗಳ ಪತ್ರಿಕೆಯನ್ನು ಸೇರಿದವನು. ಹಿರಿಯ ಮಗ ರಾಲ್ಫನು ಎಳೆಯ ವಯಸ್ಸಿನಲ್ಲಿಯೇ ರೋಗದಿಂದ ತೀರಿಕೊಂಡಿದ್ದಾನೆ; ದಾಂಪತ್ಯವು ಮುರಿದಿದೆ. ಗ್ರಂಥವು ಮಗನ ಸಮಾಧಿಯ ಬಳಿ, ಬೇರೆಯಾದ ಪತಿಪತ್ನಿಯರ ಭೇಟಿಯಿಂದ ಆರಂಭವಾಗುತ್ತದೆ. ಫೋರ್ಡನು ತಾನೂ ಒಂದು ಆಟಗಳ ಪತ್ರಿಕೆಯಲ್ಲಿ ಕೆಲಸಮಾಡಿ, ಅದು ನಿಂತುಹೋದ ಮೇಲೆ ಕಾದಂಬರಿಗೆ ಮರಳಿದವನಾದ ಕಾರಣ ಈ ವೃತ್ತಿಯ ಒಳಹೊರಗುಗಳು ಅವನಿಗೆ ಚೆನ್ನಾಗಿ ಗೊತ್ತು. ಇದರಲ್ಲಿ ಮನಸ್ಸನ್ನು ಕಲಕುವ ಸನ್ನಿವೇಶವೊಂದುಂಟು. ಹರ್ಬ್ ವಾಲಗರ್ ಎಂಬವನು ಒಂದು ಕಾಲಕ್ಕೆ ಹೆಸರಾದ ಫುಟ್‌ಬಾಲ್ ಆಟಗಾರ. ನೀರಿನ ಮೇಲಿನ ವಿಹಾರದಲ್ಲಿ ಅಪಘಾತವಾಗಿ ಕಾಲುಗಳ ಶಕ್ತಿಯುಡುಗಿ ಗಾಲಿಕುರ್ಚಿಯಲ್ಲಿ ಕುಳಿತವನು. ಧೈರ್ಯಗುಂದದ ವೀರನ ಚಿತ್ರವನ್ನು ಬರೆಯಬೇಕೆಂದು ಫ್ರಾಂಕನು ಮಿಷಿಗನ್ ಸಂಸ್ಥಾನಕ್ಕೆ ಹೋಗುತ್ತಾನೆ. ಅಲ್ಲಿ ಕಾಣುವುದು ವೀರನಲ್ಲ. ಕಹಿಯಿಂದ ತುಂಬಿ, ಮಾತಿನ ಹಿಡಿತ ತಪ್ಪಿದ ಒಬ್ಬ ಮನುಷ್ಯ. ಲೇಖನವನ್ನು ಬರೆಯಲಾಗುವುದಿಲ್ಲ. ಆಟ ಮುಗಿದ ಮೇಲೆ ಆಟಗಾರನು ಏನು ಮಾಡಬೇಕೆಂಬ ಪ್ರಶ್ನೆಗೆ ಪತ್ರಿಕೆಯ ಭಾಷೆಯಲ್ಲಿ ಉತ್ತರವಿಲ್ಲವೆಂಬುದನ್ನು ಗ್ರಂಥಕರ್ತನು ಹೇಳದೆಯೇ ಧ್ವನಿಸುತ್ತಾನೆ.

ಇಲ್ಲಿ ಜಾನ್ ಅಪ್‌ಡೈಕನನ್ನು ನೆನೆಯದಿರಲಾಗದು. ಅವನ ಹ್ಯಾರಿ ಆಂಗ್‌ಸ್ಟ್ರಮ್ ಶಾಲೆಯ ದಿನಗಳಲ್ಲಿ ಬಾಸ್ಕೆಟ್‌ಬಾಲ್ ವೀರ. 1960ರಿಂದ 1990ರ ವರೆಗಿನ ನಾಲ್ಕು ಕಾದಂಬರಿಗಳಲ್ಲಿ ಅವನು ಬೆಳೆದು, ಮಾವನ ಅಂಗಡಿಯಲ್ಲಿ ಕಾರುಗಳನ್ನು ಮಾರಿ, ಸ್ಥೂಲಕಾಯನಾಗಿ, ಕಡೆಗೆ ಫ್ಲಾರಿಡಾದ ಕಡಲತಡಿಯ ಊರೊಂದರಲ್ಲಿ ಅಪರಿಚಿತನಾದ ಹುಡುಗನೊಂದಿಗೆ ಚೆಂಡಾಡುತ್ತ ಎದೆಯೊಡೆದು ಬೀಳುತ್ತಾನೆ. ಕೊನೆಯ ಕಾದಂಬರಿಯಲ್ಲಿ ಮನೆಗಳ ವ್ಯಾಪಾರವನ್ನು ಕಲಿಯುವವಳು ಅವನಲ್ಲ, ಅವನ ಹೆಂಡತಿ. ಇದು ಯದೃಚ್ಛೆಯಲ್ಲವೆಂದು ನಮ್ಮ ಮತ. ಅಂಗಳದಲ್ಲಿ ತನ್ನ ಉತ್ತಮಕಾಲವನ್ನು ಕಂಡವನಿಗೆ ಬೆನ್ನ ಹಿಂದಿನದೇ ಸತ್ಯ. ದಲ್ಲಾಳಿಯಾದರೋ ಇನ್ನೊಬ್ಬರ ಮುಂದಿನ ದಿನಗಳನ್ನು ನಂಬುವವನಂತೆ ಬದುಕಬೇಕು. ಹ್ಯಾರಿಗೆ ಅದು ಸಾಧ್ಯವಿಲ್ಲ. ಫೋರ್ಡನು ಆಟಗಾರನನ್ನು ಬಿಟ್ಟು, ಆಟಗಾರರ ಏಳುಬೀಳುಗಳನ್ನು ಪಕ್ಕದಲ್ಲಿ ಕುಳಿತು ನೋಡಿದವನನ್ನು ಆರಿಸಿಕೊಂಡದ್ದರಲ್ಲಿ ಅವನ ಜಾಣ್ಮೆಯಿದೆ. ಗೆದ್ದ ಮನುಷ್ಯನ ಮುಖವನ್ನೂ ಸೋತವನ ಮುಖವನ್ನೂ ಓದಬಲ್ಲವನು, ಮನೆಯನ್ನು ನೋಡಲು ಬಂದವನ ಮುಖವನ್ನೂ ಓದಬಲ್ಲನು.

ಎರಡನೆಯದಾದ 'ಇಂಡಿಪೆಂಡೆನ್ಸ್ ಡೇ' 1995ರಲ್ಲಿ ಹೊರಬಂದು, ಮರುವರ್ಷ ಪುಲಿಟ್ಸರ್ ಮತ್ತು ಪೆನ್-ಫಾಕ್ನರ್ ಎಂಬ ಎರಡು ಬಹುಮಾನಗಳನ್ನೂ ಪಡೆಯಿತು. ಎರಡನ್ನೂ ಒಟ್ಟಿಗೆ ಪಡೆದ ಕಾದಂಬರಿಗಳಲ್ಲಿ ಇದೇ ಮೊದಲನೆಯದು. ಕಥೆಯು 1988ರ ಜುಲೈ ತಿಂಗಳ ಸ್ವಾತಂತ್ರ್ಯೋತ್ಸವದ ಎರಡು ಮೂರು ದಿನಗಳದು. ಮಾರ್ಕಮ್ ಎಂಬ ದಂಪತಿಗಳು ನಲವತ್ತಕ್ಕೂ ಮಿಕ್ಕ ಮನೆಗಳನ್ನು ನೋಡಿ ಒಂದನ್ನೂ ಒಪ್ಪಿಲ್ಲ. ಬೆಟ್ಟದ ನಾಡಿನ ಮನೆಯನ್ನು ಮಾರಿ ಬಂದವರು. ಕೈಯಲ್ಲಿರುವ ಹಣಕ್ಕೂ ಮನಸ್ಸಿನಲ್ಲಿರುವ ಮನೆಗೂ ಹೊಂದಿಕೆಯಿಲ್ಲ. ಫ್ರಾಂಕನು ತೋರಿಸುವ ಒಂದು ಒಳ್ಳೆಯ ಮನೆಯ ಹಿತ್ತಲ ಬೇಲಿಯಾಚೆ ಸೆರೆಮನೆಯಿದೆ! ಅಲ್ಪಾಪರಾಧಿಗಳ ಸೆರೆಮನೆಯೆಂದೇನೋ ಸಮಾಧಾನ. ಆದರೂ ಅದನ್ನು ಯಾವ ಮಾತಿನಲ್ಲಿ, ಯಾವ ಕ್ಷಣದಲ್ಲಿ ಹೇಳಬೇಕು? ಇಡೀ ಗ್ರಂಥದ ಧರ್ಮಸೂಕ್ಷ್ಮವು ಈ ಬೇಲಿಯಲ್ಲಿದೆ.

ವೃತ್ತಿಯ ಮರ್ಮವನ್ನು ತಿಳಿಯದವರಿಗೆ ಈ ಸನ್ನಿವೇಶದ ಬಿಗುವು ತಿಳಿಯದು. ಆ ಕಾಲದ ಅಲ್ಲಿಯ ವಾಡಿಕೆಯಂತೆ ತರಗು ಸಲ್ಲುತ್ತಿದ್ದುದು ಮಾರುವವನಿಗೆ ಬಂದ ಹಣದಿಂದ. ಕೊಳ್ಳುವವರನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡು ಊರೂರು ತಿರುಗಿಸಿ, ಅವರ ಸಂಸಾರದ ಗುಟ್ಟುಗಳನ್ನೆಲ್ಲ ಕೇಳಿದ ದಲ್ಲಾಳಿಯೂ ಕಾನೂನಿನ ದೃಷ್ಟಿಯಲ್ಲಿ ಸಾಮಾನ್ಯವಾಗಿ ಮಾರುವವನ ಕಡೆಯವನೇ ಆಗಿದ್ದನು. ಕೊಳ್ಳುವವನಿಗೆ ತನ್ನದೇ ಆದ ದಲ್ಲಾಳಿಯಿರುವ ಏರ್ಪಾಡು ವ್ಯಾಪಕವಾಗಿ ಬಳಕೆಗೆ ಬಂದದ್ದು 1990ರ ದಶಕದಲ್ಲಿ. ಕಾದಂಬರಿಯು ಪ್ರಕಟವಾದ 1995ರಲ್ಲಿಯೇ ನ್ಯೂ ಜೆರ್ಸಿ ಸಂಸ್ಥಾನದ ಅತ್ಯುಚ್ಚ ನ್ಯಾಯಾಲಯವು, ಬಡಾವಣೆಯ ಹತ್ತಿರ ಹಳೆಯ ಕಸದ ಕುಣಿಯಿದ್ದುದನ್ನು ಹೇಳದೆ ಹೊಸ ಮನೆಗಳನ್ನು ಮಾರಿದ ಮೊಕದ್ದಮೆಯಲ್ಲಿ, ನಿವೇಶನದ ಹೊರಗಿನ ದೋಷವನ್ನು ತಿಳಿದೂ ಮುಚ್ಚಿಟ್ಟರೆ ಕಟ್ಟಿಸಿದವನೂ ಅವನ ದಲ್ಲಾಳಿಯೂ ಹೊಣೆಗಾರರೆಂದು ತೀರ್ಪಿತ್ತಿತು. ಕವಿಯೂ ನ್ಯಾಯಾಧಿಪತಿಗಳೂ ಒಂದೇ ವರ್ಷದಲ್ಲಿ ಒಂದೇ ಬೇಲಿಯಾಚೆಗೆ ಇಣುಕಿ ನೋಡಿದಂತಾಯಿತು. ಫ್ರಾಂಕನು ಸುಳ್ಳಾಡುವವನಲ್ಲ, ಆದರೆ ಸತ್ಯಕ್ಕೂ ಹಿತಕ್ಕೂ ನಡುವೆ ಇರುವ ಕಿರುದಾರಿಯಲ್ಲಿ ಅವನು ನಡೆಯುವ ರೀತಿಯನ್ನು ನೋಡಿದಾಗ ನಗುವೂ ಬರುತ್ತದೆ, ಮರುಕವೂ ಹುಟ್ಟುತ್ತದೆ. ಇದೇ ರಸ. ಇದು ವೃತ್ತಿಯಿಂದಲೇ ಹುಟ್ಟಿದ್ದು.

ಮಗ ಪಾಲನನ್ನು ಕರೆದುಕೊಂಡು ಆಟಗಾರರ ಕೀರ್ತಿಮಂದಿರಗಳ ಯಾತ್ರೆಗೆ ಹೊರಡುವ ಭಾಗವೂ ಇದರಲ್ಲಿದೆ. ಕೂಪರ್ಸ್‌ಟೌನಿನಲ್ಲಿ ಯಂತ್ರವು ಎಸೆದ ಚೆಂಡಿಗೆ ಹುಡುಗನು ತಾನಾಗಿಯೇ ಎದುರಾಗಿ ಕಣ್ಣಿಗೆ ಪೆಟ್ಟು ತಿನ್ನುತ್ತಾನೆ. ಹತ್ತು ಜನರಿಗೆ ಮನೆಯನ್ನು ಹುಡುಕಿಕೊಡುವ ತಂದೆಯು ಸ್ವಂತ ಮಗನಿಗೆ ಮನೆಯಾಗಲಾರನೆಂಬುದು ಇಲ್ಲಿಯ ವ್ಯಂಗ್ಯಾರ್ಥ.

ಮೂರನೆಯದು 2006ರ 'ದಿ ಲೇ ಆಫ್ ದಿ ಲ್ಯಾಂಡ್'. ಈಗ ಫ್ರಾಂಕನು ಒಳನಾಡನ್ನು ಬಿಟ್ಟು ಸೀ-ಕ್ಲಿಫ್ಟ್ ಎಂಬ ಕಡಲತಡಿಯ ಊರಿನಲ್ಲಿದ್ದಾನೆ. ಊರು ಕಲ್ಪಿತ, ತಡಿ ನಿಜವಾದುದು. ನ್ಯೂ ಜೆರ್ಸಿಯ ಈ ತೀರವು ಬಹುಭಾಗ ಮರಳಿನ ಉದ್ದನೆಯ ದಿಬ್ಬಗಳಿಂದಾದುದು: ಒಂದು ಕಡೆ ಸಾಗರ, ಇನ್ನೊಂದು ಕಡೆ ಹಿನ್ನೀರು. ಅಲೆಗಳು ಒಯ್ದ ಮರಳನ್ನು ಸರ್ಕಾರವು ಸಮುದ್ರದ ತಳದಿಂದ ಎತ್ತಿ ಮತ್ತೆ ಮತ್ತೆ ಸುರಿಸುತ್ತಿರುತ್ತದೆ. ಇಂತಹ ನೆಲವನ್ನು ಸ್ಥಿರಾಸ್ತಿಯೆಂದು ಮಾರುವವನ ಬಾಯಲ್ಲಿ 'ಸ್ಥಿರ' ಎಂಬ ಮಾತು ಎಷ್ಟು ವಿಚಿತ್ರವಾಗಿ ಕೇಳಿಸಬೇಕು! ನಾಯಕನಿಗೆ ಐವತ್ತೈದು ವರ್ಷ, ದೇಹದಲ್ಲಿ ಅರ್ಬುದರೋಗ. ಎರಡನೆಯ ಹೆಂಡತಿಯು, ಸತ್ತನೆಂದು ತಿಳಿದಿದ್ದ ಮೊದಲ ಗಂಡನು ಹಿಂದಿರುಗಲು, ಅವನೊಡನೆ ಹೊರಟುಹೋಗಿದ್ದಾಳೆ. ಟಿಬೆಟ್ಟಿನಿಂದ ಬಂದ ಬೌದ್ಧನಾದ ಮೈಕ್ ಮಹೋನಿಯು ಅವನ ವ್ಯಾಪಾರದಲ್ಲಿ ಜೊತೆಗಾರ. ಅನಿತ್ಯವನ್ನು ಹುಟ್ಟಿನಿಂದ ಬಲ್ಲ ಈ ಬೌದ್ಧನೇ ದೊಡ್ಡ ದೊಡ್ಡ ಮನೆಗಳನ್ನು ಕಟ್ಟಿಸುವ ಆಸೆಗೆ ಬೀಳುವ ಪ್ರಸಂಗದಲ್ಲಿ ಫೋರ್ಡನ ಹಾಸ್ಯವು ಅತ್ಯಂತ ನಯವಾಗಿದೆ.

ಇಷ್ಟು ಸೊಗಸಾಗಿ ಕಟ್ಟಿದ ಗ್ರಂಥವನ್ನು ಕರ್ತೃವು ಕೊನೆಯಲ್ಲಿ ತಾನೇ ಕೆಡವಿದನೆಂದು ಹೇಳಬೇಕಾಗಿದೆ. ನೆರೆಮನೆಗೆ ನುಗ್ಗಿದ ಹುಡುಗರು ಅಲ್ಲಿಯ ದಂಪತಿಗಳನ್ನು ಕೊಂದು, ಫ್ರಾಂಕನ ಎದೆಗೂ ಗುಂಡು ಹಾರಿಸುತ್ತಾರೆ. ರಸಭಂಗಕ್ಕೆ ಅನೌಚಿತ್ಯವೇ ಕಾರಣವೆಂಬುದು ಆನಂದವರ್ಧನನ ಸಿದ್ಧಾಂತ. ಅಂತಹ ಕೊಲೆಗಳು ಆ ದೇಶದಲ್ಲಿ ನಡೆಯುವುದಿಲ್ಲವೆಂದು ನಾವು ಹೇಳುತ್ತಿಲ್ಲ. ಹಿಂದಿನ ಕಾದಂಬರಿಯಲ್ಲಿ, ಖಾಲಿ ಮನೆಯನ್ನು ತೋರಿಸಲು ಹೋದ ಸಹೋದ್ಯೋಗಿಯೊಬ್ಬಳು ಕೊಲೆಯಾದ ವೃತ್ತಾಂತವು ನೆರಳಿನಂತೆ ಹರಡಿಕೊಂಡು ಕಥೆಗೆ ಭಾರವನ್ನೇ ಕೊಟ್ಟಿತು. ಅಲ್ಲಿ ಅಪಾಯವು ವೃತ್ತಿಯ ಒಳಗಿನದು. ಇಲ್ಲಿ ಅದು ಬೇಲಿ ಹಾರಿ ಬಂದದ್ದು. ಮರಳಿನ ಮೇಲೆ ನಿಂತ ಮನೆಗೆ ಸಮುದ್ರವೇ ಇದಿರಿನಲ್ಲಿರಲು ಬಂದೂಕನ್ನು ಏಕೆ ತರಬೇಕಾಗಿತ್ತು?

ಈ ಲೋಪವನ್ನು ಫೋರ್ಡನಿಗಿಂತ ಮೊದಲು ಲೋಕವೇ ತುಂಬಿತು. 2012ರ ಅಕ್ಟೋಬರ್ 29ರಂದು ಸ್ಯಾಂಡಿ ಎಂಬ ಚಂಡಮಾರುತವು ನ್ಯೂ ಜೆರ್ಸಿಯ ಕರಾವಳಿಗೆ ಅಪ್ಪಳಿಸಿತು. ಮ್ಯಾಂಟೊಲೋಕಿಂಗ್ ಎಂಬ ಊರಿನಲ್ಲಿ ಸಾಗರವು ದಿಬ್ಬವನ್ನು ಸೀಳಿ ಹಿನ್ನೀರನ್ನು ಸೇರಿತು. ಸೀಸೈಡ್ ಹೈಟ್ಸ್ ಎಂಬಲ್ಲಿ ವಿನೋದಕ್ಕಾಗಿ ಕಟ್ಟಿದ್ದ ಉಕ್ಕಿನ ಹಳಿಬಂಡಿಯ ಚೌಕಟ್ಟು ನೀರಿನೊಳಗೆ ನಿಂತಿತು. 2014ರ 'ಲೆಟ್ ಮಿ ಬಿ ಫ್ರಾಂಕ್ ವಿತ್ ಯೂ' ಎಂಬ ನಾಲ್ಕು ನೀಳ್ಗಥೆಗಳ ಗ್ರಂಥವು ಇದಾದ ಕೆಲವು ವಾರಗಳ ಕಥೆ. ಫ್ರಾಂಕನು ಈಗ ವೃದ್ಧ. ವ್ಯಾಪಾರವನ್ನು ಬಿಟ್ಟು ಒಳನಾಡಿಗೆ ಹಿಂದಿರುಗಿದವನು. ಕಡಲತಡಿಯ ತನ್ನ ಮನೆಯನ್ನು ಹಿಂದೆಯೇ ಆರ್ನಿ ಎಂಬ ಪರಿಚಿತನಿಗೆ ಮಾರಿದ್ದನು. ಆ ಮನೆಯು ಈಗ ಅಡಿಪಾಯದಿಂದ ಕಿತ್ತು ಮಗುಚಿ ಬಿದ್ದಿದೆ. ಬಂದು ನೋಡೆಂದು ಆರ್ನಿಯು ಕರೆಯುತ್ತಾನೆ.

ಫ್ರಾಂಕನು ಹೋಗುತ್ತಾನೆ. ಕಾನೂನಿನಂತೆ ಅವನ ಮೇಲೆ ಯಾವ ಹೊಣೆಯೂ ಇಲ್ಲ. ಮಾರಿ ವರ್ಷಗಳಾಗಿವೆ, ಹಣ ಸಂದಿದೆ, ಸಮುದ್ರವನ್ನು ಅವನೇನೂ ಬಚ್ಚಿಟ್ಟಿರಲಿಲ್ಲ; ಸಮುದ್ರವು ಕಾಣಿಸುವುದೆಂದೇ ಕೊಂಡವನು ಬೆಲೆ ಕೊಟ್ಟಿದ್ದು. ಆದರೂ ಅವನು ಹೋಗಿ ಆ ಮಗುಚಿದ ಮನೆಯ ಮುಂದೆ ಕೊಂಡವನ ಪಕ್ಕದಲ್ಲಿ ನಿಲ್ಲುತ್ತಾನೆ. ಸಾಂತ್ವನದ ಮಾತು ಅವನಿಗೆ ಹೊಳೆಯದು. ಕೊನೆಗೆ ಆರ್ನಿಯು ಒಡ್ಡೊಡ್ಡಾಗಿ ಅವನನ್ನು ತಬ್ಬಿಕೊಳ್ಳುತ್ತಾನೆ. ಹರ್ಬ್ ವಾಲಗರನ ಎದುರಿನಲ್ಲಿ ಬರೆಯಲು ಮಾತಿಲ್ಲದೆ ಎದ್ದುಹೋದ ಯುವಕನು ಈ ಮುದುಕನಾಗಲು ಇಪ್ಪತ್ತೆಂಟು ವರ್ಷಗಳ ಗ್ರಂಥಪರಂಪರೆಯೇ ಬೇಕಾಯಿತು. ಧೀರಪ್ರಶಾಂತನೆಂಬ ಲಕ್ಷಣವು ನಮ್ಮ ಪ್ರಕಾರ ಫ್ರಾಂಕನಿಗೆ ಸಲ್ಲುವುದು ಇಲ್ಲಿಯೇ. ಅಲ್ಲಿಯ ವರೆಗೆ ಅವನ ಶಾಂತಿಯು ಬಹುಮಟ್ಟಿಗೆ ಎಲ್ಲದರಿಂದ ಒಂದು ಮಾರು ದೂರ ಸರಿದು ನಿಲ್ಲುವವನ ಶಾಂತಿ.

ದೋಷಗಳು ಇಲ್ಲವೆಂದಲ್ಲ. ನಾಯಕನು ಮಹಾ ವಾಚಾಳಿ. ಒಂದು ಬೀದಿಯನ್ನು ದಾಟುವಷ್ಟರಲ್ಲಿ ಎಂಟು ಪುಟಗಳಾಗುತ್ತವೆ, ಅಂಗಡಿಗಳ ಹೆಸರುಗಳ ಪಟ್ಟಿಯು ನಿಘಂಟಿನಂತೆ ಬೆಳೆಯುತ್ತದೆ. ಸ್ತ್ರೀಪಾತ್ರಗಳು ಅವನ ಕಣ್ಣಿಗೆ ಕಂಡಷ್ಟೇ ನಮಗೂ ಕಾಣುತ್ತಾರೆ. ಅವರ ಅಂತರಂಗಕ್ಕೆ ಬಾಗಿಲು ತೆರೆಯುವುದು ವಿರಳ. ಮಗ ಪಾಲನ ಅಸಾಧ್ಯರೋಗವನ್ನು ಕುರಿತ 2023ರ 'ಬಿ ಮೈನ್' ಬೇರೆಯೇ ಒಂದು ಕರುಣಕಥೆಯಾದುದರಿಂದ ಅದರ ವಿಚಾರಕ್ಕೆ ಇಲ್ಲಿ ಕೈಹಾಕಿಲ್ಲ. ಐದನ್ನೂ ಓದಲು ಬಿಡುವಿಲ್ಲದವರು 'ಇಂಡಿಪೆಂಡೆನ್ಸ್ ಡೇ'ಯ ಪೂರ್ವಾರ್ಧವನ್ನೂ, 2014ರ ಗ್ರಂಥದ ಮೊದಲನೆಯ ಕಥೆಯನ್ನೂ ಒಂದರ ಬೆನ್ನಲ್ಲಿ ಒಂದರಂತೆ ಓದಬಹುದು. ನಡುವಿನ ಬಂದೂಕಿನ ಅಧ್ಯಾಯವನ್ನು ಬಿಟ್ಟರೂ ನಷ್ಟವಿಲ್ಲ.