ಒಂದು ದ್ವೀಪಕ್ಕೆ ಒಂದೇ ಕೆಲಸ: ಮಾಲ್ಡೀವ್ಸ್‌ನ ಕಸನಿರ್ವಹಣೆ

ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯಿಂದ ಪಶ್ಚಿಮಕ್ಕೆ ಸುಮಾರು 7 ಕಿ.ಮೀ. ದೂರದಲ್ಲಿರುವ ತಿಲಫುಶಿ 1992ಕ್ಕೆ ಮೊದಲು ದ್ವೀಪವೇ ಆಗಿರಲಿಲ್ಲ. ಅಲ್ಲಿದ್ದದ್ದು ಹವಳದ ದಿಬ್ಬ ಸುತ್ತುವರಿದಿದ್ದ ಆಳವಿಲ್ಲದ ನೀರು; ಅದರ ಹೆಸರು ತಿಲಫಳು. ಆ ದೇಶದ ದಿವೇಹಿ ಭಾಷೆಯಲ್ಲಿ ‘ಫಳು’ ಎಂದರೆ ಇಂಥ ನೀರಿನ ಹರಹು, ‘ಫುಶಿ’ ಎಂದರೆ ದೊಡ್ಡ ದ್ವೀಪ. ಹೆಸರಿನ ಕೊನೆ ಹೀಗೆ ಫಳುವಿನಿಂದ ಫುಶಿಗೆ ಬದಲಾಗಲು ಕಾರಣ ಮಾಲೆಯ ಮನೆಗಳು, ಕಟ್ಟಡ ಕಾಮಗಾರಿಗಳು ಮತ್ತು ಪ್ರವಾಸಿ ರೆಸಾರ್ಟ್‌ಗಳು ಮೂರು ದಶಕಗಳ ಕಾಲ ಹೊರಹಾಕಿದ ಕಸ. ಮೊದಲಿಗೆ ದೊಡ್ಡ ಗುಂಡಿಗಳನ್ನು ತೋಡಿ, ತೆಗೆದ ಮರಳಿನಿಂದಲೇ ಅಂಚಿಗೆ ಒಡ್ಡು ಕಟ್ಟಿ, ಒಳಗೆ ಕಸ ತುಂಬಿ, ಮೇಲೆ ಕಟ್ಟಡದ ಅವಶೇಷಗಳನ್ನೂ ಬಿಳಿ ಮರಳನ್ನೂ ಹರವಿ ಸಮತಟ್ಟು ಮಾಡಲಾಗುತ್ತಿತ್ತು. ಕಸದ ಪ್ರಮಾಣ ಏರಿದಂತೆ ಈ ಕ್ರಮವೂ ಸಡಿಲವಾಗಿ, ರಾಶಿ ನೇರವಾಗಿ ನೀರಿನಂಚಿಗೇ ಬೀಳತೊಡಗಿತು. ಸಿಂಗಪುರವು 1999ರಲ್ಲಿ ಸೆಮಕಾವು ಎಂಬಲ್ಲಿ ಇಂಥದೇ ಕಡಲ ಭರ್ತಿಜಾಗವನ್ನು ತೆರೆದಾಗ ಸುಮಾರು 7 ಕಿ.ಮೀ. ಉದ್ದದ ಕಲ್ಲಿನ ಒಡ್ಡಿಗೆ ನೀರು ಜಿನುಗದ ಪೊರೆಯನ್ನೂ ಜೇಡಿಮಣ್ಣನ್ನೂ ಹೊದಿಸಿತು, ಮತ್ತು ಅಲ್ಲಿಗೆ ಹಸಿ ಕಸದ ಬದಲು ಮುಖ್ಯವಾಗಿ ಸುಟ್ಟುಳಿದ ಬೂದಿಯನ್ನು ಸಾಗಿಸಿತು. ತಿಲಫುಶಿಯಲ್ಲಿ ಕಸಕ್ಕೂ ಕಡಲಿಗೂ ನಡುವೆ ಅಂಥ ಪೊರೆ ಇರಲಿಲ್ಲ. ಬ್ಯಾಟರಿಯ ಸೀಸ, ಬಣ್ಣದ ಡಬ್ಬಿ, ಆಸ್ಪತ್ರೆಯ ತ್ಯಾಜ್ಯ ಯಾವುದನ್ನೂ ಮೊದಲ ವರ್ಷಗಳಲ್ಲಿ ಬೇರ್ಪಡಿಸಲಿಲ್ಲ.

ಕಸಕ್ಕೆಂದೇ ತಿಲಫುಶಿಯನ್ನು ಮೀಸಲಿಟ್ಟ ತೀರ್ಮಾನವನ್ನು ಕೇವಲ ಬಡತನದ ಅಥವಾ ಅಜಾಗ್ರತೆಯ ಫಲವೆಂದು ಓದುವುದು ತಪ್ಪಾಗುತ್ತದೆ, ಏಕೆಂದರೆ ಅದರ ಹಿಂದೆ ಆ ದೇಶದ ಆರ್ಥಿಕತೆಯನ್ನೇ ರೂಪಿಸಿದ ಒಂದು ತತ್ತ್ವವಿದೆ. 1972ರಲ್ಲಿ ಪ್ರವಾಸೋದ್ಯಮ ಆರಂಭವಾದ ಮೇಲೆ ಮಾಲ್ಡೀವ್ಸ್ ಬೆಳೆಸಿಕೊಂಡ ಪದ್ಧತಿ ‘ಒಂದು ದ್ವೀಪ, ಒಂದು ರೆಸಾರ್ಟ್’ ಎಂಬುದು: ಜನವಸತಿಯಿಲ್ಲದ ದ್ವೀಪವೊಂದನ್ನು ಇಡಿಯಾಗಿ ಗುತ್ತಿಗೆಗೆ ಕೊಡುವುದು, ಅಲ್ಲಿಯ ವಿದ್ಯುತ್ತು, ಕುಡಿಯುವ ನೀರು, ಚರಂಡಿ ಎಲ್ಲವೂ ಗುತ್ತಿಗೆದಾರನ ಹೊಣೆಯಾಗುವುದು. ಸುಮಾರು 1,190 ದ್ವೀಪಗಳಿದ್ದು ಇನ್ನೂರಕ್ಕಿಂತ ಕಡಿಮೆ ದ್ವೀಪಗಳಲ್ಲಷ್ಟೇ ಜನರು ವಾಸಿಸುವ ದೇಶದಲ್ಲಿ ಈ ಆಲೋಚನೆ ಸಹಜವಾಗಿಯೇ ಬಂದಿತು. ವಿಮಾನ ನಿಲ್ದಾಣಕ್ಕೆ ಹುಳುಲೆ, ಮೀನಿನ ಡಬ್ಬಿ ತಯಾರಿಕೆಗೆ ಫೆಲಿವರು, ಹಾಗೆಯೇ ಕಸಕ್ಕೆ ತಿಲಫುಶಿ. ಆದರೆ ಕಸವೆಂಬುದು ಉಳಿದ ಕೆಲಸಗಳಂತೆ ಒಂದು ಜಾಗದಲ್ಲಿ ಕೂರುವ ವಸ್ತುವಲ್ಲ. ಅದು ಹುಟ್ಟುವುದು ಎಲ್ಲ ದ್ವೀಪಗಳಲ್ಲಿ, ಸಾಗುವುದು ಕಡಲಿನಲ್ಲಿ, ಹೊಗೆಯಾದರೆ ಗಾಳಿ ಬೀಸಿದತ್ತ. ಮಾಲ್ಡೀವ್ಸ್‌ನ ಕಸನೀತಿಯ ಸಾಧನೆಗಳನ್ನೂ ಸೋಲುಗಳನ್ನೂ ಅಳೆಯಲು ಈ ಪ್ರತ್ಯೇಕತೆಯ ನಂಬಿಕೆಗಿಂತ ತಕ್ಕ ಅಳತೆಗೋಲು ಇನ್ನೊಂದಿಲ್ಲ.

ಕಸದ ಪ್ರಮಾಣವೇ ಈ ನಂಬಿಕೆಯನ್ನು ಕದಲಿಸುವಷ್ಟಿದೆ. 2022ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಸುಮಾರು 5 ಲಕ್ಷವಿದ್ದರೆ, 2024ರಲ್ಲಿ ಬಂದ ಪ್ರವಾಸಿಗರು 20 ಲಕ್ಷಕ್ಕೂ ಹೆಚ್ಚು. ಯೋಜನಾ ದಾಖಲೆಗಳು ಬಹುಕಾಲದಿಂದ ಬಳಸುತ್ತ ಬಂದ ಅಂದಾಜಿನಂತೆ ಪ್ರವಾಸಿಯೊಬ್ಬ ದಿನಕ್ಕೆ ಸುಮಾರು 3.5 ಕೆ.ಜಿ. ಕಸಕ್ಕೆ ಕಾರಣನಾಗುತ್ತಾನೆ, ಮಾಲೆಯ ನಿವಾಸಿಯದು ಅದರ ಅರ್ಧದಷ್ಟು, ದೂರದ ದ್ವೀಪಗಳ ನಿವಾಸಿಯದು ಇನ್ನೂ ಕಡಿಮೆ. 2011ರ ಡಿಸೆಂಬರಿನಲ್ಲಿ ತಿಲಫುಶಿಯ ಕಟ್ಟೆಯಲ್ಲಿ ಕಸ ಇಳಿಸಲು ಗಂಟೆಗಟ್ಟಲೆ ಕಾಯಬೇಕಾಗಿ ಬಂದ ದೋಣಿಗಳು ತಮ್ಮ ಹೊರೆಯನ್ನು ನೀರಿಗೇ ಬಿಟ್ಟುಹೋಗುತ್ತಿವೆ ಎಂಬ ಆರೋಪದ ನಡುವೆ, ತೇಲುವ ಕಸ ಹೊರಗಡಲಿಗೆ ಹರಡತೊಡಗಿದಾಗ, ಸರ್ಕಾರ ಅಲ್ಲಿಗೆ ಕಸ ಸಾಗಿಸುವುದನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಹಗಲಿರುಳು ಬಯಲಲ್ಲಿ ಉರಿಯುತ್ತಿದ್ದ ರಾಶಿಯ ಹೊಗೆ ಮಾಲೆಯವರೆಗೆ ಬರುತ್ತಿತ್ತು. ಆ ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಕುಡಿದವರು ಅಲ್ಲಿ ದುಡಿಯುತ್ತಿದ್ದ, ಬಹುಪಾಲು ಬಾಂಗ್ಲಾದೇಶದಿಂದ ಬಂದ ಕೂಲಿಗಳು. ದೇಶದ ಅತಿ ಸುಂದರ ಚಿತ್ರಗಳ ಬೆಲೆಯನ್ನು ಅವರ ಶ್ವಾಸಕೋಶಗಳು ತೆತ್ತವು ಎನ್ನುವುದು ಉತ್ಪ್ರೇಕ್ಷೆಯಲ್ಲ, ಮತ್ತು ತಿಲಫುಶಿಯ ಯಾವ ಮೌಲ್ಯಮಾಪನವೂ ಈ ಲೆಕ್ಕವನ್ನು ಬಿಡಬಾರದು.

ಹೀಗಿರುವಾಗ 2021ರಲ್ಲಿ ತಿಲಫುಶಿಯ ಬಯಲು ದಹನವನ್ನು ನಿಲ್ಲಿಸಿದ್ದು ನಿಜವಾದ ಸಾಧನೆ. ಕಸವನ್ನು ಒತ್ತಿ ಕಟ್ಟುಗಳಾಗಿ ಪೇರಿಸಿಡುವ ವ್ಯವಸ್ಥೆ ಬಂದಿತು. ಅದಕ್ಕೆ ಮುಂಚೆಯೇ, 2020ರಲ್ಲಿ, ಏಷ್ಯಾ ಅಭಿವೃದ್ಧಿ ಬ್ಯಾಂಕ್, ಏಷ್ಯಾ ಮೂಲಸೌಕರ್ಯ ಹೂಡಿಕೆ ಬ್ಯಾಂಕ್ ಮತ್ತು ಜಪಾನಿನ ನಿಧಿಯೊಂದರ ನೆರವಿನಿಂದ ದಿನಕ್ಕೆ 500 ಟನ್ ಕಸ ಸುಟ್ಟು ವಿದ್ಯುತ್ ಉತ್ಪಾದಿಸುವ, ಸುಮಾರು 15 ಕೋಟಿ ಡಾಲರ್ ವೆಚ್ಚದ ಸ್ಥಾವರಕ್ಕೆ ಅನುಮೋದನೆ ದೊರೆತಿತ್ತು. ಇಂಥ ಸ್ಥಾವರದಲ್ಲಿ ಕಸವನ್ನು ಅತಿ ಹೆಚ್ಚು ಉಷ್ಣತೆಯಲ್ಲಿ ಉರಿಸಿ, ಹೊರಹೋಗುವ ಅನಿಲವನ್ನು ಶೋಧಿಸಿ, ಶಾಖದಿಂದ ಹಬೆಯಂತ್ರ ತಿರುಗಿಸಲಾಗುತ್ತದೆ. ನೆಲವೇ ಇಲ್ಲದ, ಸಮುದ್ರಮಟ್ಟಕ್ಕಿಂತ ಸರಾಸರಿ ಒಂದೂವರೆ ಮೀಟರಷ್ಟೇ ಎತ್ತರದಲ್ಲಿರುವ, ತೆಳುವಾದ ಸಿಹಿನೀರಿನ ಪದರದ ಮೇಲೆ ಬದುಕುವ ದೇಶಕ್ಕೆ ಹೂಳುವುದಕ್ಕಿಂತ ಸುಡುವುದು ಮೇಲೆಂಬ ವಾದದಲ್ಲಿ ಹುರುಳಿದೆ. ಆದರೂ ಈ ಯಂತ್ರ ಹಳೆಯ ಆಲೋಚನೆಯ ಪರಿಷ್ಕೃತ ರೂಪವೇ ಹೊರತು ಅದರಿಂದ ಬಿಡುಗಡೆಯಲ್ಲ. ಒಲೆಯ ತಳದಲ್ಲಿ ಉಳಿಯುವ ತಳಬೂದಿಗೂ, ಶೋಧಕಗಳಲ್ಲಿ ಸಿಕ್ಕಿಕೊಳ್ಳುವ, ಭಾರಲೋಹಗಳಿರುವ ಹಾರುಬೂದಿಗೂ ಜಾಗ ಬೇಕು. ಇಷ್ಟು ದೊಡ್ಡ ಒಲೆ ಉರಿಯುತ್ತಿರಬೇಕಾದರೆ ಪ್ರತಿದಿನ ಇಷ್ಟೇ ಕಸ ಬರುತ್ತಿರಬೇಕು, ಅಂದರೆ ಕಸ ಕಡಿಮೆ ಮಾಡುವ ನೀತಿಗೂ ಸ್ಥಾವರದ ಹಸಿವಿಗೂ ಒಳಗೊಳಗೇ ತಿಕ್ಕಾಟ ಹುಟ್ಟುತ್ತದೆ. ಕಸವನ್ನು ದೂರವಿಡುವ ಭರವಸೆಯೂ ಸವೆಯುತ್ತಿದೆ, ಏಕೆಂದರೆ ಭಾರತದ ನೆರವಿನಿಂದ 2022ರಲ್ಲಿ ಕೆಲಸ ಆರಂಭವಾದ ಸೇತುವೆ ಮಾಲೆಯನ್ನು ವಿಲಿಂಗಿಲಿ ಮತ್ತು ಗುಳಿಫಳುವಿನ ಮೂಲಕ ಇದೇ ತಿಲಫುಶಿಗೆ ಜೋಡಿಸಲೆಂದೇ ರೂಪುಗೊಂಡಿದೆ.

ರೆಸಾರ್ಟ್‌ಗಳ ಕಡೆ ನೋಡಿದರೆ ಚಿತ್ರ ಬೇರೆ. ಪ್ರವಾಸೋದ್ಯಮಕ್ಕೆ ಸಂಬಂಧಿಸಿದ 2006ರ ಪರಿಸರ ನಿಯಮಗಳು ಪ್ರತಿ ರೆಸಾರ್ಟ್‌ನಲ್ಲೂ ದಹನ ಘಟಕ, ಬಾಟಲಿ ಪುಡಿಮಾಡುವ ಯಂತ್ರ, ಡಬ್ಬಿ ಒತ್ತುವ ಯಂತ್ರ ಇರಬೇಕೆಂದು ವಿಧಿಸಿವೆ. ಬಾ ಹವಳವಲಯದ ಸೊನೆವ ಫುಶಿಯಂಥ ಸಂಸ್ಥೆಗಳು ಇದನ್ನೂ ಮೀರಿ ಹೋಗಿವೆ: 2008ರಿಂದಲೇ ಹೊರಗಿನ ಬಾಟಲಿ ನೀರನ್ನು ನಿಲ್ಲಿಸಿ, ದ್ವೀಪದಲ್ಲೇ ಶುದ್ಧೀಕರಿಸಿದ ನೀರನ್ನು ಮರುಬಳಕೆಯ ಗಾಜಿನ ಬಾಟಲಿಗೆ ತುಂಬಿ, ಒಡೆದ ಗಾಜನ್ನು ಕುಲುಮೆಯಲ್ಲಿ ಕರಗಿಸಿ ಪಾತ್ರೆ, ಕಲಾಕೃತಿಗಳನ್ನಾಗಿಸಿ, ಅಡುಗೆಮನೆಯ ಕಸವನ್ನು ಗೊಬ್ಬರವಾಗಿಸಿ ಅದರಲ್ಲೇ ತರಕಾರಿ ಬೆಳೆಸುವ ಕ್ರಮ ಅಲ್ಲಿದೆ. ಇದು ಮೆಚ್ಚಬೇಕಾದ ಕೆಲಸ, ಆದರೆ ಅದರ ಯಶಸ್ಸಿನ ಷರತ್ತನ್ನು ಮರೆಯಬಾರದು. ದ್ವೀಪಕ್ಕೆ ಏನು ಇಳಿಯಬೇಕು ಎಂಬುದನ್ನು ತೀರ್ಮಾನಿಸುವ ಒಬ್ಬನೇ ಯಜಮಾನ, ಸಂಬಳದ ಕೆಲಸಗಾರರು, ದುಬಾರಿ ಕೋಣೆಯ ಬಾಡಿಗೆ, ಈ ಮೂರೂ ಕೂಡಿದಲ್ಲಿ ಮಾತ್ರ ಅದು ನಡೆಯುತ್ತದೆ. ಸುಮಾರು 2009ರಿಂದ ಜನವಸತಿಯ ದ್ವೀಪಗಳಲ್ಲೂ ಅತಿಥಿಗೃಹಗಳಿಗೆ ಅವಕಾಶ ಸಿಕ್ಕಿತು. ಮಾಫುಶಿಯಂಥ ಸಣ್ಣ ದ್ವೀಪದಲ್ಲಿ ಇಂದು ಪ್ರವಾಸಿಯ ನೀರಿನ ಬಾಟಲಿಯೂ ಮನೆಯವರ ಮೀನಿನ ಮುಳ್ಳೂ ಒಂದೇ ಕಟ್ಟೆಗೆ ಬರುತ್ತವೆ. ಪ್ರವಾಸೋದ್ಯಮದ ಲಾಭ ಸಾಮಾನ್ಯರ ಮನೆಗೂ ತಲುಪಿದ್ದು ನ್ಯಾಯವೇ. ಕಸದ ವ್ಯವಸ್ಥೆ ಮಾತ್ರ ಅದಕ್ಕೆ ಸಿದ್ಧವಾಗಿರಲಿಲ್ಲ.

ಊರಿನ ದ್ವೀಪಗಳ ಕಥೆ ‘ಕುನಿಗೊಂಡು’ ಎಂಬ ಮಾತಿನಲ್ಲಿದೆ. ‘ಕುನಿ’ ಎಂದರೆ ಕಸ, ಕುನಿಗೊಂಡು ಎಂದರೆ ಕಸ ಸುರಿಯುವ ಜಾಗ. ತೆಂಗಿನ ಮಟ್ಟೆ, ಎಲೆ, ಮೀನಿನ ಉಳಿಕೆ ಇಷ್ಟೇ ಕಸವಾಗಿದ್ದ ಕಾಲದಲ್ಲಿ ಸಮುದ್ರತೀರದ ಅಂಥ ರಾಶಿ ತಾನೇ ಕೊಳೆತು ಕರಗುತ್ತಿತ್ತು. ಪ್ಲಾಸ್ಟಿಕ್ ಮತ್ತು ಮಗುವಿನ ಡೈಪರು ಬಂದ ಮೇಲೆ ಅದು ಕರಗದ ಗುಡ್ಡವಾಯಿತು. 2004ರ ಸುನಾಮಿಯ ನಂತರ ಹೊರನಾಡಿನ ನೆರವಿನಿಂದ ಹಲವು ದ್ವೀಪಗಳಲ್ಲಿ ಕಸ ನಿರ್ವಹಣಾ ಕೇಂದ್ರಗಳು ಎದ್ದವು, ಆದರೆ ಗೋಡೆ ಮತ್ತು ಚಾವಣಿ ಬಂದಷ್ಟು ಸುಲಭವಾಗಿ ಕೆಲಸಗಾರರ ಸಂಬಳವೂ ಕಸ ಒಯ್ಯುವ ದೋಣಿಯೂ ಬರಲಿಲ್ಲವಾಗಿ ಅನೇಕವು ಪಾಳುಬಿದ್ದವು. ದೋಣಿಗೆ ದಿವೇಹಿಯಲ್ಲೂ ದೋಣಿ ಎಂದೇ ಹೆಸರು. ಅದರ ನಿಯತವಾದ ಬರವು ಇಲ್ಲದಿದ್ದರೆ ವಿಂಗಡಿಸಿದ ಕಸವೂ ಕೊನೆಗೆ ಕುನಿಗೊಂಡುವಿನ ಬೆಂಕಿಗೇ ಬೀಳುತ್ತದೆ. 2015ರ ನವೆಂಬರಿನಿಂದ ರೆಸಾರ್ಟ್ ಪ್ರವಾಸಿಗೆ ರಾತ್ರಿಗೆ 6 ಡಾಲರ್, ಮರುವರ್ಷದಿಂದ ಅತಿಥಿಗೃಹದವರಿಗೆ 3 ಡಾಲರ್ ಎಂದು ವಿಧಿಸಿ, 2025ರ ಜನವರಿಯಲ್ಲಿ ಇಮ್ಮಡಿಗೊಳಿಸಿದ ಹಸಿರು ತೆರಿಗೆಯನ್ನು ಅಳೆಯಬೇಕಾದದ್ದೂ ಇಲ್ಲಿಯೇ: ಎಷ್ಟು ಹಣ ಕೂಡಿತು ಎಂಬುದಕ್ಕಿಂತ, ದೂರದ ದ್ವೀಪವೊಂದರ ಕಟ್ಟೆಗೆ ಕಸದ ದೋಣಿ ವಾರಕ್ಕೆ ಎಷ್ಟು ಸಲ ಬಂದಿತು ಎಂಬುದು ಮುಖ್ಯ.

ಈ ಎಲ್ಲ ಕ್ರಮಗಳ ನಡುವೆ ಅತ್ಯಂತ ತರ್ಕಬದ್ಧವಾದದ್ದು, ಪ್ರಾಯಶಃ ಹೊರಗಿನವರ ಗಮನಕ್ಕೆ ಕಡಿಮೆ ಬಂದದ್ದು, 2021ರ ಜೂನ್‌ನಿಂದ ಜಾರಿಯಾದ ಏಕಬಳಕೆಯ ಪ್ಲಾಸ್ಟಿಕ್ಕಿನ ಆಮದು ನಿಷೇಧ. ಒಂದೇ ಸಲ ಬಳಸಿ ಎಸೆಯುವ ಹೀರುಗೊಳವೆ, ತಟ್ಟೆ, ಚಮಚ, ಥರ್ಮಾಕೋಲಿನ ಊಟದ ಡಬ್ಬಿ, ತೆಳುವಾದ ಚೀಲ ಇವುಗಳ ಜೊತೆಗೆ ಪ್ಲಾಸ್ಟಿಕ್ ಹೊದಿಕೆಯಲ್ಲಿ ಬರುವ ಅಡಿಕೆಯೂ ಆ ಪಟ್ಟಿಯಲ್ಲಿದೆ; ಊಟವಾದ ಮೇಲೆ ಅಡಿಕೆ ಅಗಿಯುವ ಜನರ ನಿತ್ಯದ ಕಸವನ್ನು ಬಲ್ಲವರು ಮಾಡಿದ ಪಟ್ಟಿಯೆಂಬುದಕ್ಕೆ ಆ ಒಂದು ಪದವೇ ಸಾಕ್ಷಿ. ಬಹುತೇಕ ಎಲ್ಲವನ್ನೂ ಹಡಗಿನಲ್ಲಿ ತರಿಸಿಕೊಳ್ಳುವ ದೇಶಕ್ಕೆ ಬೇರೆ ದೇಶಗಳಿಗಿಲ್ಲದ ಒಂದು ಅನುಕೂಲವಿದೆ: ಬಾಗಿಲುಗಳು ಬೆರಳೆಣಿಕೆಯಷ್ಟು, ಕಾವಲು ಸುಲಭ. ದ್ವೀಪ ದ್ವೀಪವನ್ನು ಬೇರ್ಪಡಿಸುವ ಬದಲು ಇಡೀ ದೇಶವನ್ನೇ ಒಂದು ದ್ವೀಪವೆಂದು ಬಗೆದ ಮೊದಲ ಕ್ರಮ ಇದು. ದೇಶದೊಳಗೇ ಬಾಟಲಿಗೆ ತುಂಬುವ ನೀರಿಗೆ ಮಾತ್ರ ಬಂದರಿನ ಕಾವಲು ಸಾಲದು. ಮಳೆನೀರಿನ ತೊಟ್ಟಿಗಳೂ ಉಪ್ಪು ತೆಗೆದ ನೀರಿನ ನಲ್ಲಿಗಳೂ ಊರೂರಿಗೆ ನಂಬಿಕೆಯ ನೀರು ಕೊಟ್ಟಾಗಲೇ ಬಾಟಲಿ ನಿಲ್ಲುತ್ತದೆ.

ಮರುಬಳಕೆಯ ವಿಷಯ ಬೇಗ ಮುಗಿಯುತ್ತದೆ. ಕರಗಿಸುವ ಕಾರ್ಖಾನೆಗಳು ದೇಶದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಗುಜರಿ ಲೋಹವೂ, ಸ್ವಯಂಸೇವಾ ಸಂಸ್ಥೆಗಳೂ ಶಾಲೆಗಳೂ ಕೂಡಿಹಾಕುವ ಪ್ಲಾಸ್ಟಿಕ್ ಬಾಟಲಿಯೂ ಹೊರದೇಶಕ್ಕೆ ಹಡಗೇರಬೇಕು, ಆ ಸಾಗಣೆಯ ಖರ್ಚು ವಸ್ತುವಿನ ಬೆಲೆಯನ್ನೇ ನುಂಗಬಲ್ಲದು.

ಉಳಿಯುವುದು ಹಸಿ ಕಸ. ಕಸದ ರಾಶಿಯಲ್ಲಿ ಅದರದೇ ದೊಡ್ಡ ಪಾಲು, ರೆಸಾರ್ಟ್‌ಗಳ ಬಫೆ ಊಟದ ಉಳಿಕೆಯಂತೂ ಹೇರಳ. ಅದನ್ನು ಹೊರಗಡಲಿಗೆ ಒಯ್ದು ಸುರಿಯುವ ರೂಢಿ ಬಹುಕಾಲ ನಡೆದುಬಂದಿದೆ. ಈ ತೇವದ ಕಸ ಒಲೆಗೆ ಬಿದ್ದರೆ ಶಾಖದ ಒಂದು ಭಾಗ ಅದರ ನೀರನ್ನು ಆರಿಸುವುದಕ್ಕೇ ಹೋಗುತ್ತದೆ. ಅತ್ತ, ಹವಳದ ಪುಡಿಯಿಂದಾದ ದ್ವೀಪಗಳ ಮರಳುನೆಲದಲ್ಲಿ ಸಾರವೂ ನೀರು ಹಿಡಿಯುವ ಗುಣವೂ ಕಡಿಮೆಯಾದ್ದರಿಂದ ತರಕಾರಿಯ ಬಹುಭಾಗ ಭಾರತ, ಶ್ರೀಲಂಕಾಗಳಿಂದ ಬರುತ್ತದೆ, ಕೃಷಿಯುಳ್ಳ ದ್ವೀಪಗಳು ಗೊಬ್ಬರವನ್ನೂ ಹೊರಗಿನಿಂದ ಕೊಳ್ಳುತ್ತವೆ. ದ್ವೀಪದಲ್ಲೇ ಉಳಿಯಬೇಕಾದ ಒಂದೇ ಕಸವಿದ್ದರೆ ಅದು ಇದು: ದೋಣಿಯ ಹೊರೆ ಇಳಿಯುತ್ತದೆ, ನೆಲಕ್ಕೆ ಕಪ್ಪು ಮಣ್ಣು ಸೇರುತ್ತದೆ, ಸ್ಥಾವರಕ್ಕೆ ಒಣಗಿದ ಇಂಧನ ಸಿಗುತ್ತದೆ. ಅದಕ್ಕಾಗಿ ಬೇಕಾದ ನೆರಳಿನ ಚಪ್ಪರ, ಮಟ್ಟೆ ಕತ್ತರಿಸುವ ಯಂತ್ರ ಮತ್ತು ಇಬ್ಬರು ಕೆಲಸಗಾರರ ತಿಂಗಳ ಸಂಬಳವನ್ನು ಹಸಿರು ತೆರಿಗೆಯಿಂದ ಪ್ರತಿ ದ್ವೀಪಕ್ಕೂ ನೇರವಾಗಿ ಕೊಡುವ ಏರ್ಪಾಡು, 500 ಟನ್ನಿನ ಸ್ಥಾವರದ ಪಕ್ಕದಲ್ಲಿ ತೀರ ಸಣ್ಣದಾಗಿ ಕಾಣುತ್ತದೆ. ಸುನಾಮಿಯ ನಂತರ ಕಟ್ಟಿ ಬಿಟ್ಟುಹೋದ ಕೇಂದ್ರಗಳ ಗೋಡೆಗಳು ಹಲವೆಡೆ ಇನ್ನೂ ನಿಂತಿವೆ, ಕೆಲಸವನ್ನು ಅಲ್ಲಿಂದಲೇ ಆರಂಭಿಸಬಹುದು.