ಎರೆಯುವ ಕೈ

ಹಂಡೆಯ ನೀರು ಕಾಯುವ ಹೊತ್ತಿಗೆ ಸರಿಯಾಗಿ ಎರೆಯುವಾಕೆ ಬರುತ್ತಿದ್ದಳು. ಸೀರೆ ಎತ್ತಿಕಟ್ಟಿ ಬಚ್ಚಲ ಮಣೆಯ ಮೇಲೆ ಕಾಲು ನೀಡಿ ಕೂತರೆ ಆ ಕಾಲುಗಳೇ ಕೂಸಿಗೆ ತೊಟ್ಟಿ. ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣೆ ತೀಡುವುದು, ಎಡಗೈಗೆ ಬಲಗಾಲು ಮುಟ್ಟಿಸುವುದು, ಹಣೆಗೆ ಅಂಗೈ ಅಡ್ಡ ಹಿಡಿದು ತಲೆಗೆ ನೀರು ಹೊಯ್ಯುವುದು. ಒಂದರಲ್ಲೂ ತಾಳ ತಪ್ಪುತ್ತಿರಲಿಲ್ಲ. ಅಷ್ಟು ಹೊತ್ತು ಬಾಣಂತಿಗೆ ನಿದ್ದೆ. ಇದನ್ನು ಕಲೆ ಎಂದು ಯಾರೂ ಕರೆಯಲಿಲ್ಲ. ಒಂದು ಸೀರೆ, ಒಂದಿಷ್ಟು ಅಕ್ಕಿ ಕೊಟ್ಟಲ್ಲಿಗೆ ಲೆಕ್ಕ ಚುಕ್ತಾ.

ಹಾಗೆಂದು ಹಳೆಯ ಬಾಣಂತನವನ್ನು ಇಡಿಯಾಗಿ ಹೊಗಳಲಾರೆ. ಅದೇ ಕೈ ಕೂಸಿನ ಮೂಗಿಗೂ ಎಣ್ಣೆ ಬಿಡುತ್ತಿತ್ತು. ಅದು ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಲೋಬಾನದ ಹೊಗೆ ಬೇರೆ. ತೇಯ್ದು ನೆಕ್ಕಿಸುತ್ತಿದ್ದ ಬಜೆಯನ್ನು, ಅದರ ಬೀಟಾ-ಅಸರೋನ್ ಇಲಿಗಳಲ್ಲಿ ಗೆಡ್ಡೆ ಬರಿಸಿತೆಂದು, ಅಮೆರಿಕ 1968ರಲ್ಲೇ ಆಹಾರದಿಂದ ಹೊರಗಿಟ್ಟಿತು. ಎಲ್ಲಕ್ಕಿಂತ ವಿಚಿತ್ರ ಮೊದಲ ಹಾಲಿನ ಕಥೆ. ಹಸು ಈದ ಮನೆಯಿಂದ ಗಿಣ್ಣುಹಾಲು ಬಂದರೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ಬಾಯಿ ಚಪ್ಪರಿಸುವ ನಾವು, ತಾಯಿಯ ಗಿಣ್ಣನ್ನು ಮಾತ್ರ ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲಿಸಿ, ಕೂಸಿನ ನಾಲಿಗೆಗೆ ಜೇನು ಸವರುತ್ತಿದ್ದೆವು. ಕರುವಿಗಾದರೂ ಒಂದು ಮೊಲೆ ಬಿಡುತ್ತಿದ್ದೆವಲ್ಲ!

ಇದನ್ನು ತಿದ್ದಿದ್ದು ಆಸ್ಪತ್ರೆ. ಹುಟ್ಟಿದ ಗಂಟೆಯೊಳಗೆ ಎದೆಗೆ ಹಾಕಿ, ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ ಎಂಬ ಮಾತು ಈಗ ಅಜ್ಜಿಯರ ಬಾಯಲ್ಲೂ ಇದೆ.

ಆದರೆ ಹಳೆಯದರಲ್ಲಿ ನಾವು ಉಳಿಸಿಕೊಂಡದ್ದು ಯಾವುದನ್ನು? ಬಜೆ ಈಗ ಮಣಿಗಳ ಬಳೆಯಾಗಿ ಆನ್‌ಲೈನಿನಲ್ಲಿ ಬರುತ್ತದೆ, ಲೋಬಾನ ಪುಟ್ಟ ಬಟ್ಟಲುಗಳಾಗಿ ಡಬ್ಬಿಯಲ್ಲಿ. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ತಯಾರಾದ ಗ್ರೈಪ್ ವಾಟರ್ ನಮ್ಮ ಅಜ್ಜಿಯ ಮದ್ದೇ ಆಗಿಬಿಟ್ಟಿದೆ. ಅನುಮಾನಿಸಬೇಕಾದದ್ದೆಲ್ಲ ಪ್ಯಾಕೆಟ್ಟಾಗಿ ಉಳಿಯಿತು. ಪ್ಯಾಕೆಟ್ಟಿಗೆ ಸಿಗದ ಕೈಯನ್ನು ಬಿಟ್ಟೆವು. ಆ ಕೈಗೇ ಪುರಾವೆ ಇರುವುದು. ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ದಿನಕ್ಕೆ ಮೂರು ಸಲ, 15 ನಿಮಿಷ ಮೈ ನೀವಿ ಕೈಕಾಲು ಆಡಿಸಿದ್ದಕ್ಕೆ, ನೀವದ ಕೂಸುಗಳಿಗಿಂತ ಅವುಗಳ ದಿನದ ತೂಕದ ಏರಿಕೆ ಶೇ. 47ರಷ್ಟು ಹೆಚ್ಚಿತ್ತು ಎಂದು ಸಂಶೋಧಕಿ ಟಿಫನಿ ಫೀಲ್ಡ್ ಮತ್ತು ಸಂಗಡಿಗರು 1986ರಲ್ಲೇ ಬರೆದಿದ್ದಾರೆ.

ಮೊನ್ನೆ ನೆಂಟರ ಮನೆಯಲ್ಲಿ ನೋಡಿದೆ. ಬಚ್ಚಲಲ್ಲಿ ಪ್ಲಾಸ್ಟಿಕ್ ಟಬ್ಬು, ಬಕೆಟ್ಟಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಮಾಲೀಷಿನ ವಿಡಿಯೊ, ಎದುರಿಗೆ ಒಬ್ಬಳೇ ತಾಯಿ. ಎಡಗೈಗೆ ಬಲಗಾಲು ಮುಟ್ಟಿಸುವಲ್ಲಿ ವಿಡಿಯೊ ಮುಂದೆ ಓಡಿತು. ನಿಲ್ಲಿಸಲು ಒತ್ತಿದಳು, ಮತ್ತೆ ಒತ್ತಿದಳು. ಎಣ್ಣೆ ಬೆರಳು ಪರದೆಗೆ ತಿಳಿಯಲಿಲ್ಲ.